ಎವರ್ಟನ್‌ಗೆ ಒಂದು ಗೋಲು

ಶುಕ್ರವಾರ ಸಂಜೆ ಆ ಸಲೂನಿಗೆ ಹೋದವರಿಗೆ ಎರಡು ಕೆಲಸ ಒಟ್ಟಿಗೆ ಆಗುತ್ತಿದ್ದವು. ಗಡ್ಡ ಹೋಗುತ್ತಿತ್ತು, ಜೊತೆಗೆ ಮಾನವೂ ಹೋಗುತ್ತಿತ್ತು.

ಸಲೂನಿನವನಿಗೆ ಬೀದಿಯವರು ಇಟ್ಟ ಹೆಸರು ಸೊನ್ನೆಯಪ್ಪ. ವಾರದ ಕೊನೆಗೆ ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಯಾವ ಫುಟ್‌ಬಾಲ್ ತಂಡ ಯಾವುದನ್ನು ಸೋಲಿಸುತ್ತದೆ ಎಂದು ಮೊದಲೇ ಹೇಳುವುದು ಅವನ ಚಟ. ಹೇಳುವಾಗ ಎರಡರಲ್ಲಿ ಒಂದು ತಂಡಕ್ಕೆ ಸೊನ್ನೆ ಖಾಯಂ. ತಲೆ ಕೆಟ್ಟಿದ್ದರೆ ಎರಡಕ್ಕೂ ಸೊನ್ನೆ. ಒಂದು ಗೋಲು ಕೊಡಬೇಕಾಗಿ ಬಂದರೆ ಸ್ವಂತ ಹಲ್ಲು ಕಿತ್ತು ಕೊಡುವವನ ಹಾಗೆ ಮುಖ ಕಿವುಚುತ್ತಿದ್ದ. ಅವನೇನೂ ಜನ್ಮದಲ್ಲಿ ಚೆಂಡು ಒದ್ದವನಲ್ಲ. ಬೀದಿ ಮಕ್ಕಳ ಚೆಂಡು ಅಂಗಡಿಯೊಳಗೆ ಉರುಳಿ ಬಂದರೆ ಸತ್ತ ಇಲಿಯನ್ನು ಎತ್ತುವಂತೆ ಎರಡು ಬೆರಳಲ್ಲಿ ಎತ್ತಿ ಹೊರಗೆ ಬಿಸಾಡುತ್ತಿದ್ದ. ಫುಟ್‌ಬಾಲ್ ಬಗ್ಗೆ ಮಾತಾಡಬೇಕಾದರೆ ಚೆಂಡು ಒದ್ದಿರಬೇಕು ಎಂದು ಹೇಳಿದ ಮೂರ್ಖ ಯಾರು ಎಂದು ಕೇಳುತ್ತಿದ್ದ. ಕುರ್ಚಿಯಲ್ಲಿ ಕೂತವರು ಅದಕ್ಕೆ ಉತ್ತರ ಕೊಡುವಷ್ಟು ಧೈರ್ಯವಂತರಲ್ಲ, ಯಾಕೆಂದರೆ ಅವನ ಕೈಯಲ್ಲಿ ಕತ್ತಿ ಇರುತ್ತಿತ್ತು.

ಅದಕ್ಕೊಂದು ಕ್ರಮವನ್ನೂ ಮಾಡಿಕೊಂಡಿದ್ದ. ಎಡಗೆನ್ನೆ ಹೆರೆಯುವಾಗ ಶನಿವಾರದ ಪಂದ್ಯಗಳು, ಬಲಗೆನ್ನೆಗೆ ಭಾನುವಾರದವು. ಮೇಲ್ದುಟಿಗೆ ಬಂದಾಗ ರೆಫರಿಗಳಿಗೆ ಮಂಗಳಾರತಿ. ಆದರೆ ಕೂತವರ ಸ್ವಂತ ತಂಡ ಯಾವುದೋ ಅದರ ಹಣೆಬರಹ ಮಾತ್ರ ಕಟ್ಟಕಡೆಗೆ, ಕತ್ತಿ ಗಂಟಲ ಮೇಲಿರುವಾಗ. ಆಗ ಯಾರೂ ಎದುರು ಮಾತಾಡುವುದಿಲ್ಲ. ತನ್ನ ವಾದಕ್ಕೆ ಉತ್ತರವೇ ಇಲ್ಲ ಎಂದು ಅವನು ಕೊಚ್ಚಿಕೊಳ್ಳುತ್ತಿದ್ದುದರ ಗುಟ್ಟು ಇಷ್ಟೇ.

ಬೇರೆಯವರ ಭವಿಷ್ಯಕ್ಕೆ ಅವನಲ್ಲಿ ಕವಡೆ ಕಿಮ್ಮತ್ತಿರಲಿಲ್ಲ. ಪಕ್ಕದ ಔಷಧಿ ಅಂಗಡಿಯವನು ಫೋನಿನಲ್ಲಿ ಏನೋ ಒತ್ತಿ, ಲಿವರ್‌ಪೂಲ್ ಗೆಲ್ಲುವ ಸಾಧ್ಯತೆ ಶೇಕಡಾ ಇಷ್ಟು ಎಂದು ಓದಿದರೆ, "ಜ್ವರದ ಮಾತ್ರೆ ಕೊಡುವಾಗಲೂ ಶೇಕಡಾ ನೋಡ್ತೀಯಾ?" ಎನ್ನುತ್ತಿದ್ದ. ಡ್ರೈವಿಂಗ್ ಸ್ಕೂಲಿನ ಮಾಲೀಕ ಯಾವಾಗಲೂ ತವರು ಮೈದಾನದವರೇ ಗೆಲ್ಲುತ್ತಾರೆ ಎನ್ನುವವನು. "ತವರಲ್ಲಿ ಎಲ್ಲರೂ ಶೂರರೇ. ನಿಮ್ಮನೆಯವರನ್ನ ಕೇಳಿ ನೋಡಿ," ಎಂದು ಅವನ ಬಾಯಿ ಮುಚ್ಚಿಸುತ್ತಿದ್ದ. ಟೀವಿಯಲ್ಲಿ ಕೋಟು ಹಾಕಿಕೊಂಡು ಕೂರುವ ಪಂಡಿತರಂತೂ ಅವನ ಕಣ್ಣಿಗೆ ಕೋಟು ಮಾತ್ರ.

ಹಾಗಾದರೆ ಇವನ ಮಾತು ನಿಜವಾಗುತ್ತಿತ್ತೇ? ಎಲ್ಲರದೂ ಎಷ್ಟು ನಿಜವಾಗುತ್ತದೋ ಅಷ್ಟು. ಸುಳ್ಳಾದರೆ ತಪ್ಪು ತಂಡದ್ದು. "ನಾನು ಸರಿಯಾಗೇ ಹೇಳಿದ್ದೆ. ಆಡೋಕೆ ಬರದೇ ಅವರು ಗೆದ್ದುಬಿಟ್ರು," ಎಂದು ಸೋಮವಾರ ಯಾವ ನಾಚಿಕೆಯೂ ಇಲ್ಲದೆ ಹೇಳುತ್ತಿದ್ದ. ಇಂಥ ಮನುಷ್ಯನನ್ನು ಬೀದಿ ಹೇಗೆ ಸಹಿಸಿಕೊಂಡಿತ್ತೋ. ಕೈ ಮಾತ್ರ ಬೆಣ್ಣೆಯಂಥದ್ದು, ಅದಕ್ಕೇ ಇರಬೇಕು.

ಇವನ ಬೈಗುಳವನ್ನು ನಗುನಗುತ್ತಾ ತಿನ್ನುತ್ತಿದ್ದವರು ಒಬ್ಬರೇ. ಅವನ ಭಾವ, ಅಕ್ಕನ ಗಂಡ. ಬೋರ್ಡು ಬರೆಯುವವರು. ಆ ಬೀದಿಯ ಅರ್ಧ ಅಂಗಡಿಗಳ ಹೆಸರು ಅವರ ಕುಂಚದಿಂದ ಬಂದದ್ದು, ಸಲೂನಿನ ಬೋರ್ಡು ಕೂಡ. ಆ ಬೋರ್ಡಿಗೆ ನೀಲಿ ಕಲಸಿದ ಸಂಜೆಯೇ ಅವರು ಯಾರದೋ ಮನೆಯ ಟೀವಿಯಲ್ಲಿ ಎವರ್ಟನ್ ತಂಡದ ಅಂಗಿ ನೋಡಿದರು. ಅದೇ ನೀಲಿ! ಅಂದಿನಿಂದ ಅವರು ಎವರ್ಟನ್‌ನವರು. ಬೇರೆ ಕಾರಣವೇ ಇಲ್ಲ.

"ಬಣ್ಣ ನೋಡಿ ತಂಡ ಆರಿಸೋಕೆ ಇದೇನು ಪರದೆ ಬಟ್ಟೆನಾ ಭಾವ? ಚೆಲ್ಸಿನೂ ನೀಲಿನೇ. ಮ್ಯಾಂಚೆಸ್ಟರ್ ಸಿಟಿನೂ ನೀಲಿನೇ."

"ಸಿಟಿದು ತೊಳೆದು ಬಿಳಚಿಕೊಂಡ ನೀಲಿ ಕಣೋ. ನಿನಗೆ ಬಣ್ಣ ಗೊತ್ತಾಗಲ್ಲ, ಸುಮ್ಮನೆ ಹೆರಿ."

ಹೀಗೆ ಪ್ರತಿ ಶುಕ್ರವಾರ. ಕತ್ತಿ ಗಂಟಲಿಗೆ ಬಂದ ಕೂಡಲೇ ಸೊನ್ನೆಯಪ್ಪ ಎವರ್ಟನ್‌ಗೆ ಸೊನ್ನೆ ಕೊಡುತ್ತಿದ್ದ. ಎದುರಾಳಿ ಯಾರೇ ಇರಲಿ, ಮೈದಾನ ಎಲ್ಲೇ ಇರಲಿ, ಎವರ್ಟನ್‌ಗೆ ಸೊನ್ನೆ. ಭಾವ ಮುಖ ಒರೆಸಿಕೊಂಡು, "ನೋಡ್ತಿರು," ಎಂದು ಎದ್ದು ಹೋಗುತ್ತಿದ್ದರು. ಎವರ್ಟನ್ ಗೆದ್ದ ವಾರ ಸೋಮವಾರ ಬೆಳಿಗ್ಗೆಯೇ ಬಂದು ಬಾಗಿಲಲ್ಲಿ ಸುಮ್ಮನೆ ನಿಂತು ಹಲ್ಲು ಬಿಡುತ್ತಿದ್ದರು. ಇವನು ಬೆನ್ನು ತಿರುಗಿಸಿ ಟವೆಲ್ ಕೊಡವುತ್ತಿದ್ದ.

ಆಮೇಲೆ ಭಾವನಿಗೆ ಹೊಟ್ಟೆನೋವು ಶುರುವಾಯಿತು, ಸಲೂನಿಗೆ ಬರುವುದು ನಿಂತಿತು. ಒಂದು ಶುಕ್ರವಾರ ಮಧ್ಯಾಹ್ನ ಅಕ್ಕ ಅಂಗಡಿಯ ಬಾಗಿಲಿಗೆ ಬಂದಳು. ಗಂಡಸರ ಕೂದಲು ಬಿದ್ದಿರುವ ನೆಲ ಎಂದು ಎಂದೂ ಒಳಗೆ ಕಾಲಿಡದವಳು ಅಂದು ನೇರ ಒಳಗೆ ಬಂದು ಕುರ್ಚಿಯಲ್ಲಿ ಕೂತಳು. ಕನ್ನಡಿಯಲ್ಲಿ ತನ್ನ ಮುಖ ಕಂಡು ಬೇರೆ ಕಡೆ ತಿರುಗಿದಳು.

"ಡಾಕ್ಟ್ರು ಕೈಬಿಟ್ರು ಕಣೋ. ಹೊಟ್ಟೆ ಪೂರ್ತಿ ಹಬ್ಬಿದೆಯಂತೆ. ತಡವಾಯ್ತು ಅಂದ್ರು."

ಅವನು ಕತ್ತಿ ಒರೆಸುತ್ತಾ ನಿಂತ. ಒರೆಸಿದ್ದನ್ನೇ ಒರೆಸಿದ.

"ಭಾವನಿಗೆ?"

"ಹೇಳಿಲ್ಲ. ಹುಣ್ಣು ಅಂದಿದೀವಿ. ಎದ್ದ ಮೇಲೆ ನಿನ್ನ ಬೋರ್ಡ್ ಬರೀಬೇಕಂತೆ, ಬಣ್ಣ ಮಾಸಿದೆಯಂತೆ. ಆ ಆಸೆಲೇ ಎರಡು ತುತ್ತು ತಿಂತಿದಾರೆ. ಗೊತ್ತಾದ್ರೆ ಅದನ್ನೂ ಬಿಡ್ತಾರೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಗಡ್ಡ ಬೆಳೆದು ಕಾಡುಮನುಷ್ಯನ ಥರ ಕಾಣ್ತಾರೆ. ನೀನೇ ಬಂದು ತೆಗೀಬೇಕು. ಆದ್ರೆ ನಿನ್ನ ಮುಖದಲ್ಲಿ ಏನೂ ಕಾಣಬಾರದು."

"ನನಗೆ ಹೇಳಿಕೊಡ್ತೀಯಾ?" ಎಂದ ಅವನು, ಎಂದಿನ ಜಂಬದಲ್ಲೇ. "ನಿಮ್ಮ ಓಣಿಯವರೆಲ್ಲ ಬಂದು ಮೂತಿ ಇಳಿಬಿಟ್ಟುಕೊಂಡು ಕೂರ್ತಾರಲ್ಲ, ಅವರಿಗೆ ಹೇಳು. ನನ್ನ ಮುಖ ನೋಡಿ ಇಲ್ಲಿವರೆಗೆ ಯಾರಿಗೆ ಏನು ಗೊತ್ತಾಗಿದೆ?"

ಅದೇನೋ ನಿಜ. ಆ ಮುಖದಲ್ಲಿ ತಿರಸ್ಕಾರ ಬಿಟ್ಟು ಬೇರೇನನ್ನೂ ಯಾರೂ ಕಂಡಿರಲಿಲ್ಲ. ಆದರೂ ಹೊರಡುವ ಮೊದಲು ಅವನು ಕನ್ನಡಿ ಮುಂದೆ ನಿಂತು ಮೂಗು ಮುರಿದು ನೋಡಿಕೊಂಡ. ತುಟಿ ಕೊಂಕಿಸಿದ. ಸರಿಯಾಗಿದೆ ಅನ್ನಿಸಿತು. ನಾಲಿಗೆಯನ್ನು ಪರೀಕ್ಷಿಸಿಕೊಳ್ಳಬೇಕು ಎಂದು ಮಾತ್ರ ಆ ಮಹಾ ಬುದ್ಧಿವಂತನಿಗೆ ಹೊಳೆಯಲಿಲ್ಲ.

ಭಾವನನ್ನು ಕಿಟಕಿಯ ಪಕ್ಕ ಮರದ ಕುರ್ಚಿಯಲ್ಲಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದ್ದರು. ಮಂಚದ ಕೆಳಗೆ ಕುಂಚಗಳನ್ನು ಅದ್ದಿಟ್ಟಿದ್ದ ಡಬ್ಬಿಯ ಟರ್ಪೆಂಟೈನ್ ವಾಸನೆ ಕೋಣೆಯೆಲ್ಲ ತುಂಬಿತ್ತು. ಅಕ್ಕ ಬಿಸಿನೀರು ತಂದಿಟ್ಟು ಅಡುಗೆಮನೆಗೆ ಹೋದಳು, ಬಾಗಿಲು ಮಾತ್ರ ತೆರೆದೇ ಇಟ್ಟಳು. ಇವನು ಭಾವನ ಕುತ್ತಿಗೆಗೆ ಟವೆಲ್ ಸುತ್ತಿದ. ಸುತ್ತುವಾಗ ಟವೆಲ್ ಎಂದಿಗಿಂತ ಹೆಚ್ಚು ಸುತ್ತು ಬಂತು.

"ಏನೋ, ಈ ವಾರ ಯಾರ ಮಾನ ಕಳೀತೀಯ?" ಎಂದರು ಭಾವ. ದನಿ ಸಣ್ಣಗಾಗಿತ್ತು.

ಅವನು ನೊರೆ ಹಚ್ಚಿ ಎಡಗೆನ್ನೆಗೆ ಕತ್ತಿ ಇಟ್ಟ. "ಆರ್ಸೆನಲ್, ಬ್ರೈಟನ್. ಆರ್ಸೆನಲ್‌ನವರು ಚೆಂದ ಆಡ್ತಾರಂತೆ. ಚೆಂದ ಕಾಣಬೇಕಾದ್ರೆ ನನ್ನ ಅಂಗಡಿಗೆ ಬರಲಿ, ಕನ್ನಡಿ ಇದೆ. ಒಂದು-ಸೊನ್ನೆ. ಲಿವರ್‌ಪೂಲ್, ನ್ಯೂಕ್ಯಾಸಲ್. ಲಿವರ್‌ಪೂಲ್‌ನವರು ಓಡ್ತಾರೆ, ಓಡ್ತಾರೆ, ಬಸ್ ತಪ್ಪಿಸಿಕೊಂಡೋರ ಹಾಗೆ. ಎಲ್ಲಿಗೆ ಹೋಗೋ ಬಸ್ಸು ಅಂತ ಕೇಳಿದ್ರೆ ಗೊತ್ತಿಲ್ಲ. ಎರಡು-ಸೊನ್ನೆ."

ಭಾವ ಮೂಗಿನಲ್ಲೇ ನಕ್ಕರು.

"ಅಲ್ಲಾಡಬೇಡಿ. ಮ್ಯಾಂಚೆಸ್ಟರ್ ಯುನೈಟೆಡ್, ಟಾಟೆನ್‌ಹ್ಯಾಮ್." ಬಲಗೆನ್ನೆಗೆ ಬಂದ. "ಯುನೈಟೆಡ್ ಅಂದ್ರೆ ತಾತನ ಕಾಲದ ಮೀಸೆ. ತಿರುವೋಕೆ ಚೆನ್ನಾಗಿದೆ, ಕೆಳಗೆ ಹಲ್ಲಿಲ್ಲ. ಟಾಟೆನ್‌ಹ್ಯಾಮ್‌ನವರಿಗೆ ಗೆದ್ದಿರೋ ಮ್ಯಾಚ್ ಕೈಗೆ ಕೊಟ್ರೂ ಹೆದರಿಕೊಂಡು ವಾಪಸ್ ಕೊಡ್ತಾರೆ. ಸೊನ್ನೆ-ಸೊನ್ನೆ. ನೋಡಿದೋರಿಗೂ ಸೊನ್ನೆ."

ನಾಲಿಗೆ ಚೆನ್ನಾಗಿ ಓಡುತ್ತಿತ್ತು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತದ್ದು, ಮತ್ತೆ ಶುರುವಾದದ್ದು ಅವನಿಗೆ ಕೇಳಿಸಿತು. ಅಕ್ಕ ಕೇಳಿಸಿಕೊಂಡು ನೆಮ್ಮದಿಯಾಗಿದ್ದಾಳೆ ಎಂದು ಒಳಗೊಳಗೇ ಬೀಗಿದ. ಮೇಲ್ದುಟಿ ಮುಗಿಸಿ, ರೆಫರಿಗಳ ವಂಶವನ್ನೆಲ್ಲ ಜಾಲಾಡಿ, ಭಾವನ ಗಲ್ಲ ಹಿಡಿದು ಮೇಲೆತ್ತಿದ.

ಗಂಟಲು ಮೊದಲಿನ ಗಂಟಲಾಗಿರಲಿಲ್ಲ. ಚರ್ಮ ಜೋತುಬಿದ್ದಿತ್ತು. ಹೆಬ್ಬೆರಳಿನಿಂದ ಎಳೆದು ಹಿಡಿದರೆ ಬೆರಳ ಕೆಳಗೆ ಬರೀ ಮೂಳೆ, ಅದರ ಪಕ್ಕದಲ್ಲಿ ಬಡಿದುಕೊಳ್ಳುವ ನರ. ಕತ್ತಿ ಇಡಲು ಜಾಗ ಹುಡುಕಬೇಕಾಯಿತು. ಭಾವ ಕಣ್ಣು ಮುಚ್ಚಿ, ಬೈಗುಳಕ್ಕೆ ಸಿದ್ಧವಾಗಿ, ಆಗಲೇ ತುಟಿಯಂಚಲ್ಲಿ ನಗುತ್ತಿದ್ದರು. ಅವನಿಗೆ ಇಷ್ಟು ವರ್ಷದಲ್ಲಿ ಮೊದಲ ಸಲ, ಈ ಮನುಷ್ಯನಿಗೆ ಏನಾದರೂ ಕೊಡಬೇಕು ಅನ್ನಿಸಿತು.

"ಸಿಟಿ, ಎವರ್ಟನ್," ಎಂದ. "ಒಂದು-ಒಂದು."

ಭಾವ ಕಣ್ಣು ಬಿಟ್ಟರು.

ಕತ್ತಿ ಗಂಟಲ ಮೇಲಿತ್ತು, ಅವರು ಮಾತಾಡುವಂತಿರಲಿಲ್ಲ. ಅವನು ಹೆರೆಯುತ್ತಲೇ ಹೋದ, ಮಾತೂ ನಿಲ್ಲಲಿಲ್ಲ. ಸಿಟಿಯ ಹಿಂದಿನ ಸಾಲಿನವನಿಗೆ ಕಾಲುನೋವಂತೆ, ಎವರ್ಟನ್‌ನ ಗೋಲ್‌ಕೀಪರ್ ಈಚೆಗೆ ಪರವಾಗಿಲ್ಲವಂತೆ, ಕಾರ್ನರ್ ಕಿಕ್‌ನಲ್ಲಿ ಒಂದು ಗೋಲು ಸಿಕ್ಕರೂ ಸಿಗಬಹುದಂತೆ. ಔಷಧಿ ಅಂಗಡಿಯವನಿಂದ ಕೇಳಿದ್ದನ್ನೆಲ್ಲ ಕಕ್ಕಿದ. ಭಾವ ಅವನ ಮುಖವನ್ನೇ ನೋಡುತ್ತಿದ್ದರು. ಆ ಮುಖದಲ್ಲಿ ಏನೂ ಇರಲಿಲ್ಲ, ಅದನ್ನು ಅವನು ಚೆನ್ನಾಗಿ ಕಾಪಾಡಿಕೊಂಡಿದ್ದ.

ಕತ್ತಿ ಎತ್ತಿದ ಮೇಲೆ ಭಾವ ನಿಧಾನವಾಗಿ ಗಂಟಲು ಸವರಿಕೊಂಡರು.

"ಎವರ್ಟನ್‌ಗೆ ಒಂದಾ?"

"ಬಾಯಿತಪ್ಪಿ ಬಂತು ಭಾವ. ನಾಲ್ಕು-ಸೊನ್ನೆ. ಎವರ್ಟನ್‌ಗೆ ಸೊನ್ನೆ."

"ಈಗ ತಿದ್ದಿದ್ರೆ ಆಗಲ್ಲ ಬಿಡು." ತೆರೆದಿದ್ದ ಬಾಗಿಲ ಕಡೆ ನೋಡಿ ಅವರು ದನಿ ತಗ್ಗಿಸಿದರು. "ನನ್ನ ಮಗಳ ಮದುವೆ ವಾರದಲ್ಲೂ ಕೊಡಲಿಲ್ಲ ನೀನು. ನಾನು ಏಣಿಯಿಂದ ಬಿದ್ದು ಕೈ ಮುರಕೊಂಡಾಗಲೂ ಕೊಡಲಿಲ್ಲ. ಹೊಟ್ಟೆ ಹುಣ್ಣಿಗೆ ಯಾರಾದ್ರೂ ಗೋಲು ಕೊಡ್ತಾರೇನೋ?"

ಉತ್ತರ ಕೊಡಲಾಗದ ಹಾಗೆ ಜನರನ್ನು ಕೂರಿಸಿಟ್ಟು ಗೆದ್ದವನು ಈಗ ತಾನೇ ಹಾಗೆ ನಿಂತಿದ್ದ.

"ಡಾಕ್ಟ್ರು ಎಷ್ಟು ದಿನ ಅಂದ್ರಂತೆ?" ಎಂದರು ಭಾವ.

ಅವನು ಟವೆಲ್ ಬಿಚ್ಚಿ ಮಡಚತೊಡಗಿದ. ಮಡಿಕೆ ಸರಿ ಬರಲಿಲ್ಲ. ಭಾವ ತಲೆಯಾಡಿಸಿದರು. ಅಷ್ಟು ದೊಡ್ಡ ಬಾಯಿ, ಸಮಯಕ್ಕೆ ಒಂದು ಸೊನ್ನೆಯನ್ನು ಉಳಿಸಿಕೊಳ್ಳಲು ಅದರಿಂದ ಆಗಲಿಲ್ಲ. ಇಂಗ್ಲೆಂಡಿನ ತಂಡಗಳಿಗೆಲ್ಲ ಬೆನ್ನೆಲುಬಿಲ್ಲ ಎಂದು ಬೈದವನ ಬೆನ್ನೆಲುಬು ಇಷ್ಟೇ.

"ನಿಮ್ಮಕ್ಕನಿಗೆ ಹೇಳಬೇಡ," ಎಂದರು ಭಾವ. "ನನಗೆ ಗೊತ್ತಿಲ್ಲ ಅನ್ನೋ ಧೈರ್ಯದಲ್ಲಿ ಓಡಾಡ್ತಿದಾಳೆ. ಅದು ಹೋದ್ರೆ ಅವಳೂ ಮಲಗ್ತಾಳೆ." ತಾವೇ ಗಲ್ಲ ಮೇಲೆತ್ತಿದರು. "ಮತ್ತೆ ನೊರೆ ಹಚ್ಚು."

"ಮುಗೀತಲ್ಲ ಭಾವ."

"ಹಚ್ಚೋ. ಮೊದಲಿನ ಥರ ಹೇಳು ಈಗ. ಗಟ್ಟಿಯಾಗಿ. ಅವಳಿಗೆ ಕೇಳಬೇಕು."

ಅವನು ನುಣ್ಣಗಾಗಿದ್ದ ಗಂಟಲಿಗೆ ಮತ್ತೆ ನೊರೆ ಹಚ್ಚಿದ. ಕತ್ತಿ ಮುಟ್ಟಲಿಲ್ಲ, ಬರೀ ಬೆರಳಿನಿಂದ ನೊರೆ ಒರೆಸುತ್ತಾ ನಿಂತ.

"ಎವರ್ಟನ್ ಅಂತೆ, ಎವರ್ಟನ್!" ಕೆಮ್ಮಿ ದನಿ ಏರಿಸಿದ. "ಅಂಗಿ ಒಂದು ಚೆನ್ನಾಗಿದೆ. ಅಂಗಿನ ಮೈದಾನದಲ್ಲಿ ಒಣಗಿ ಹಾಕಿ ಬಂದ್ರೂ ಇವರಿಗಿಂತ ಚೆನ್ನಾಗಿ ಆಡತ್ತೆ. ಗೋಲ್ ಎಲ್ಲಿದೆ ಅಂತ ತೋರಿಸೋಕೆ ಇವರಿಗೆ ಬೋರ್ಡ್ ಬರೆಸಿ ನೆಡಬೇಕು..."

"ಇನ್ನೂ," ಎಂದರು ಭಾವ, ತುಟಿ ಅಲ್ಲಾಡಿಸದೆ.

"ಆ ಬೋರ್ಡನ್ನೂ ನೀವೇ ಬರೀಬೇಕು, ಅದನ್ನೂ ಓದೋಕೆ ಬರಲ್ಲ ಆ ದಡ್ಡರಿಗೆ! ಸಿಟಿ ನಾಲ್ಕು, ಎವರ್ಟನ್ ಸೊನ್ನೆ. ದೊಡ್ಡ ಸೊನ್ನೆ!"

ಭಾವ ಗಟ್ಟಿಯಾಗಿ ನಕ್ಕರು. ನಕ್ಕಾಗ ಹೊಟ್ಟೆ ಹಿಡಿದುಕೊಂಡರು, ಆದರೂ ನಕ್ಕರು. ಆಮೇಲೆ ಅಡುಗೆಮನೆಗೆ ಕೇಳುವ ಹಾಗೆ ಕೂಗಿದರು: "ಕೇಳಿದ್ಯೇನೇ? ಎದ್ದ ತಕ್ಷಣ ಇವನ ಬೋರ್ಡ್ ಮೇಲೆ ಇವನ ಹೆಸರು ಅಳಿಸಿ ಸೊನ್ನೆ ಬರೀತೀನಿ!"

ಅವನು ಪೆಟ್ಟಿಗೆ ಎತ್ತಿಕೊಂಡು ಹೊರಟ. ಅಕ್ಕ ಕೈ ಒರೆಸಿಕೊಳ್ಳುತ್ತಾ ಅವನ ಹಿಂದೆಯೇ ಗೇಟಿನವರೆಗೆ ಬಂದಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ಸ್ವಲ್ಪ ಕಳೆ ಬಂದಿತ್ತು.

"ನಕ್ಕರಲ್ಲೋ!" ಎಂದಳು. "ನೀನು ಬೈದದ್ದು ಒಳ್ಳೇದಾಯ್ತು. ಏನೂ ಗೊತ್ತಾಗಿಲ್ಲ ಪಾಪ, ಬೋರ್ಡ್ ಬರೀತಾರಂತೆ. ಮುಂದಿನ ಶುಕ್ರವಾರಾನೂ ಬಾ, ಹೀಗೇ ಬೈ."

"ಬೈತೀನಿ," ಎಂದ ಅವನು.