ಅಲ್ಲಾಡಿಸಿ ನೋಡಿ ಬರೆದ ಪಟ್ಟಿ

ಆ ಪಟ್ಟಿಯನ್ನು ಬರೆದವನು ನಾನು. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ನಾನು ಪಿ.ಟಿ. ಮೇಷ್ಟ್ರನ್ನು ಬೈಯುವಾಗ ನೀವು ನನ್ನ ಪಕ್ಷ ವಹಿಸಿಬಿಡುವ ಅಪಾಯವಿದೆ. ಯಾರೂ ನನ್ನ ಕುತ್ತಿಗೆ ಹಿಡಿದು ಬರೆಸಲಿಲ್ಲ. ಸಂತೋಷವಾಗಿ, ನಾಲಿಗೆ ಕಚ್ಚಿಕೊಂಡು, ಎರಡು ಬಣ್ಣದ ಪೆನ್ನಿನಲ್ಲಿ ಬರೆದೆ.

ನಮ್ಮದು ಚಿಕ್ಕಬಳ್ಳಾಪುರದ ಒಂದು ಡಿಗ್ರಿ ಕಾಲೇಜು. ಅದಕ್ಕೊಂದು ಬೇಸ್‌ಬಾಲ್ ತಂಡ. ನಗಬೇಡಿ. ಕ್ರಿಕೆಟ್ ಅಂದರೆ ಎಲ್ಲ ಕಾಲೇಜುಗಳೂ ಮುಗಿಬೀಳುತ್ತವೆ, ಬೇಸ್‌ಬಾಲಿಗೆ ಬರುವವು ಬೆರಳೆಣಿಕೆಯಷ್ಟು. ಹೋಗಿ ನಿಂತರೆ ಸಾಕು, ಸೆಮಿಫೈನಲ್ ಗ್ಯಾರಂಟಿ ಎಂಬುದು ಮೇಷ್ಟ್ರ ಲೆಕ್ಕಾಚಾರ. ಅವರು ಮೂಲತಃ ಕಬಡ್ಡಿಯವರು. ಬೇಸ್‌ಬಾಲನ್ನು ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿತರು, ಅದೂ ಅರ್ಧ ವಿಡಿಯೊ. ಎದುರಾಳಿ ಬೇಸಿನ ಕಡೆ ಓಡುವಾಗ "ಕಾಲು ಹಿಡ್ಕೊಳ್ರೋ ಅವ್ನ" ಎಂದು ಅವರು ಒಮ್ಮೆ ಕೂಗಿದ್ದರು. ಅದನ್ನು ಅವರದೇ ಮೂಗುದನಿಯಲ್ಲಿ ಕೂಗಿ ಕೂಗಿ ನಾನು ಒಂದು ವರ್ಷ ಕ್ಯಾಂಟೀನಿನಲ್ಲಿ ಪುಕ್ಕಟೆ ಟೀ ಕುಡಿದಿದ್ದೇನೆ.

ಪಂದ್ಯಗಳು ಶುರುವಾಗಲು ಮೂರು ವಾರ ಇರುವಾಗ ಅವರು ನನ್ನನ್ನು ಕೋಣೆಗೆ ಕರೆದರು. ಕಿವಿಯೊಳಗೆ ಪೆನ್ಸಿಲ್ ತಿರುಗಿಸುತ್ತಿದ್ದರು. ತುದಿಗೆ ಅಂಟಿ ಬಂದದ್ದನ್ನು ಪ್ಯಾಂಟಿಗೆ ಒರೆಸಿ, ಅದೇ ಪೆನ್ಸಿಲನ್ನು ನನ್ನ ಕೈಗಿಟ್ಟರು.

"ಹದಿಮೂರು ಜನ ಇದೀರ. ಆಡೋದು ಒಂಬತ್ತು. ಯಾರು ಹೆಂಗೆ ಅಂತ ಒಬ್ಬೊಬ್ರ ಬಗ್ಗೆನೂ ಬರ್ಕೊಂಡ್ ಬಾ."

"ನಾನಾ ಸಾರ್?"

"ಎಲ್ರನ್ನೂ ಅಣಕಿಸ್ತೀಯಲ್ಲಪ್ಪ. ಅಣಕಿಸಬೇಕಂದ್ರೆ ನೆಟ್ಟಗೆ ನೋಡಿರ್ಬೇಕು. ನನಗಿಂತ ನೀನೇ ಜಾಸ್ತಿ ನೋಡಿದೀಯ."

ಇದನ್ನು ನಾನು ಹೊಗಳಿಕೆ ಎಂದುಕೊಂಡೆ. ಈಗ ನೆನೆಸಿಕೊಂಡರೆ ಆ ಪೆನ್ಸಿಲಿಗಿಂತ ಹೆಚ್ಚು ವಾಕರಿಕೆ ತರಿಸುವುದು ನಾನು ಆಗ ಬೀಗಿದ ರೀತಿ. ಹೊರಗೆ ಬಂದ ತಕ್ಷಣ ಪೆನ್ಸಿಲನ್ನು ಚರಂಡಿಗೆ ಎಸೆದೆ. ಕೆಲಸವನ್ನೂ ಅದರ ಜೊತೆಗೇ ಎಸೆಯಬಹುದಿತ್ತು.

ನಮ್ಮ ಮನೆ ಸಾದಲಿ ಕಡೆ, ರೇಷ್ಮೆಹುಳ ಸಾಕುವವರು. ಚಿಕ್ಕಂದಿನಿಂದ ಅಪ್ಪನ ಜೊತೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿದ್ದೇನೆ. ಅಲ್ಲಿ ನೂಲು ತೆಗೆಯುವವರು ಬಂದು, ತೊಟ್ಟಿಯಂಥ ದೊಡ್ಡ ತಟ್ಟೆಯಲ್ಲಿ ಸುರಿದ ಗೂಡಿನೊಳಗೆ ಮೊಣಕೈವರೆಗೆ ಕೈ ತೂರಿಸಿ, ತಳದಿಂದ ಒಂದು ಹಿಡಿ ತೆಗೆದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಗೂಡು ಒಣಗಿ ಗಟ್ಟಿಯಾಗಿದ್ದರೆ ಒಳಗಿನ ಹುಳ ಗಳಗಳ ಎನ್ನುತ್ತದೆ. ಸದ್ದಿಲ್ಲದಿದ್ದರೆ ಹುಳ ಸತ್ತು ಕರಗಿ ಅಂಟಿಕೊಂಡಿದೆ ಎಂದರ್ಥ. ಮುಖ ಸಿಂಡರಿಸಿ, ಹಿಡಿಯನ್ನು ವಾಪಸ್ ಹಾಕಿ ಮುಂದಿನ ತಟ್ಟೆಗೆ ಹೋಗುತ್ತಾರೆ. ಆ ಒಂದು ಕ್ಷಣ ಅಪ್ಪ ಉಸಿರು ಹಿಡಿದು ನಿಂತಿರುತ್ತಿದ್ದ. ನಮ್ಮ ಕಡೆಯವರಿಗೆ ಇದು ಎಷ್ಟು ರೂಢಿಯೆಂದರೆ, ಗಂಡು ನೋಡಲು ಹೋದವರೂ ಹುಡುಗನನ್ನು ಮಾತಿನಲ್ಲಿ ನಾಲ್ಕು ಸಲ ಅಲ್ಲಾಡಿಸಿಯೇ ಎದ್ದು ಬರುತ್ತಾರೆ. ನಾನು ಬೇಸ್‌ಬಾಲ್ ಆಟಗಾರರನ್ನೂ ಹಾಗೇ ನೋಡಿದೆ. ಬೇರೆ ವಿದ್ಯೆ ಗೊತ್ತಿರಲಿಲ್ಲ.

ಮೂರು ದಿನ ಮೈದಾನದ ಅಂಚಿನಲ್ಲಿ ಕೂತು ಬರೆದೆ. ಮೈದಾನ ಎಂದೆನಲ್ಲ, ಅದರ ಒಂದು ಮೂಲೆಗೆ ಹಾಸ್ಟೆಲಿನ ಮುಸುರೆ ನೀರು ಹರಿಯುತ್ತದೆ. ಹದಿಮೂರು ಜನಕ್ಕೆ ನಾಲ್ಕು ಗ್ಲೌಸು. ಯಾರೂ ಬಿಸಿಲಿಗೆ ಹಾಕುವುದಿಲ್ಲವಾದ್ದರಿಂದ, ಕೈ ತೂರಿಸಿದರೆ ಹಲ್ಲುಜ್ಜದವನ ಬಾಯಿಗೆ ಕೈ ಹಾಕಿದ ಹಾಗೆ ಇರುತ್ತದೆ.

ಗೌರಿಬಿದನೂರಿನಿಂದ ಬರುವವನ ಬಗ್ಗೆ ಹೀಗೆ ಬರೆದೆ: "ಓಟ ಚೆನ್ನಾಗಿದೆ, ಆದರೆ ಹೊರಟ ಬಸ್ಸು ಎದುರಿಗಿದ್ದರೆ ಮಾತ್ರ. ಮೂರನೇ ಬೇಸಿನಲ್ಲಿ ಒಬ್ಬ ಕಂಡಕ್ಟರನ್ನು ನಿಲ್ಲಿಸತಕ್ಕದ್ದು." ನಮ್ಮ ಕ್ಯಾಚರ್ ಚಿಂತಾಮಣಿಯವನು, ಮನೆಯವರದು ಟೊಮೆಟೊ ಮಂಡಿ. ಅವನ ಬಗ್ಗೆ: "ಚೆಂಡು ಬಿಡುವವನಲ್ಲ. ಹಿಡಿದ ಮೇಲೆ ಕೊಳೆತಿದೆಯೋ ಏನೋ ಎಂದು ತಿರುಗಿಸಿ ನೋಡುತ್ತಾನೆ, ಅಷ್ಟರಲ್ಲಿ ಎದುರಾಳಿ ಎರಡು ಬೇಸ್ ದಾಟಿರುತ್ತಾನೆ." ಇನ್ನೊಬ್ಬ ನಮ್ಮ ಆಡಳಿತ ಮಂಡಳಿಯ ಸದಸ್ಯರೊಬ್ಬರ ಅಕ್ಕನ ಮಗ. ಅವನಿಗೆ ಸ್ವಂತ ಗ್ಲೌಸು, ಒಳಗೆ ಸೆಂಟು ಹೊಡೆದದ್ದು. ಬೌಲರಿನ ಹಾಗೆ ಚೆಂಡೆಸೆಯುವ ಪಿಚರ್ ಆಗಬೇಕೆಂದು ಆಸೆ. ಚೆಂಡು ಎಸೆಯುವ ಮೊದಲು "ಕಮಾನ್ ಬಾಯ್ಸ್", ಎಸೆದ ಮೇಲೆ "ಸಾರಿ ಬಾಯ್ಸ್". "ಇದನ್ನು ಅಲ್ಲಾಡಿಸುವುದೇ ಬೇಡ, ತಾನಾಗಿಯೇ ಗಳಗಳ ಎನ್ನುತ್ತದೆ. ಮೊದಲ ದರ್ಜೆ" ಎಂದು ಕೆಂಪು ಶಾಯಿಯಲ್ಲಿ ಬರೆದೆ. ಓದಿದವರಿಗೆ ಅಣಕ ಎಂದು ತಿಳಿಯುತ್ತದೆ ಎಂದುಕೊಂಡಿದ್ದೆ.

ಆಗ ನಮ್ಮ ಪಿಚರ್ ಆಗಿದ್ದವನು ಶಿಡ್ಲಘಟ್ಟದವನು. ಅವನ ಮನೆಯಲ್ಲಿ ಗೂಡು ಬೇಯಿಸಿ ನೂಲು ತೆಗೆಯುತ್ತಾರೆ. ಬೆಳಿಗ್ಗೆ ಬಿಸಿನೀರಿನ ತೊಟ್ಟಿಯ ಮುಂದೆ ಕೂತು ಕೆಲಸ ಮುಗಿಸಿ, ಆಮೇಲೆ ಕಾಲೇಜಿನ ಬಸ್ಸು ಹತ್ತುತ್ತಾನೆ. ಮಾತು ಬಲು ಕಡಿಮೆ. ಒಮ್ಮೆ ಬಸ್ಸಿನಲ್ಲಿ ಮಾತ್ರ ನನ್ನ ಹತ್ತಿರ ಸ್ವಲ್ಪ ಉದ್ದಕ್ಕೆ ಮಾತಾಡಿದ್ದ: ಡಿಗ್ರಿ ಮುಗಿದ ಮೇಲೆ ಪಿ.ಟಿ. ಮೇಷ್ಟ್ರ ಕೋರ್ಸಿಗೆ ಹೋಗಬೇಕು, ಸೀಟು ಸಿಗಲು ಆಟದ ಸರ್ಟಿಫಿಕೇಟು ಬೇಕು, ಇದು ಕೊನೆಯ ವರ್ಷ. ನಮ್ಮ ಕಾಲೇಜಿನಲ್ಲಿ ಸರ್ಟಿಫಿಕೇಟು ಕೊಡುವುದು ಪಂದ್ಯ ಆಡಿದ ಒಂಬತ್ತು ಜನಕ್ಕೆ, ಬೆಂಚಿನಲ್ಲಿ ಕೂತವರಿಗಲ್ಲ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು.

ನಾನು ಅವನನ್ನು ನೋಡಲು ಕೂತ ದಿನ ಅವನ ಬೆರಳ ತುದಿಗಳು ಬಿಸಿನೀರಿಗೆ ಬೆಂದು ಬಿಳುಚಿಕೊಂಡು, ಸಿಪ್ಪೆ ಎದ್ದಿದ್ದವು. ಚೆಂಡು ಮೂರು ಸಲ ಜಾರಿತು. ಹತ್ತಿರ ಬಂದಾಗ ಅಂಗಿಯಲ್ಲಿ ಬೆಂದ ಹುಳದ ವಾಸನೆ. ನಾನು ಬರೆದದ್ದು: "ಅಲ್ಲಾಡಿಸಿದರೆ ಸದ್ದೇ ಇಲ್ಲ. ಒಳಗೆ ಹುಳ ಸತ್ತು ಕರಗಿದೆ. ಮೂಗಿಗೂ ಗೊತ್ತಾಗುತ್ತದೆ. ಎರಡನೇ ದರ್ಜೆ." ಬರೆದು, ಒಬ್ಬನೇ ನಕ್ಕೆ.

ಬರೆಯದೆ ಬಿಟ್ಟದ್ದೊಂದಿದೆ. ಆ ಹದಿಮೂರು ಜನರಲ್ಲಿ ಯಾರು ಹೇಗೆ ಎಸೆಯುತ್ತಾರೆ ಎಂದು ಕೇಳಿ, ಮಾಡಿ ತೋರಿಸುತ್ತೇನೆ. ಇವನ ಎಸೆತ ಮಾತ್ರ ನನಗೆ ಬಂದಿಲ್ಲ. ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಪ್ರಯತ್ನಿಸಿ, ಭುಜ ಹಿಡಿದುಕೊಂಡು ಅಮ್ಮನ ಕೈಲಿ ಎಣ್ಣೆ ತಿಕ್ಕಿಸಿಕೊಂಡಿದ್ದೇನೆ. ಪಟ್ಟಿಯಲ್ಲಿ ಇರಬೇಕಾಗಿದ್ದ ಒಂದೇ ಒಂದು ಸಾಲು ಅದು.

ನನ್ನ ಬಗ್ಗೆಯೂ ಬರೆದುಕೊಂಡೆ: "ಆಟ ಬರುವುದಿಲ್ಲ, ಬಾಯಿ ಬರುತ್ತದೆ. ಅಲ್ಲಾಡಿಸಿದರೆ ಇಡೀ ಮಾರುಕಟ್ಟೆಗೆ ಕೇಳುತ್ತದೆ. ಚೆಂಡು ಅಪರೂಪಕ್ಕೆ ಬರುವ ದೂರದ ಮೂಲೆಗೆ ಸಾಕು: ರೈಟ್ ಫೀಲ್ಡ್." ಎಷ್ಟು ವಿನಯ ನೋಡಿ. ಅಷ್ಟು ಬೈದುಕೊಂಡು, ಕೊನೆಗೆ ಆಡುವವರಲ್ಲಿ ಒಂಬತ್ತನೆಯ ಹೆಸರು ನನ್ನದೇ ಹಾಕಿಕೊಂಡಿದ್ದೆ.

ಶನಿವಾರ ಮೇಷ್ಟ್ರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪಟ್ಟಿಯನ್ನು ಗಟ್ಟಿಯಾಗಿ ಓದಿದರು. ಸಾಲು ಸಾಲಿಗೂ ನಗು. ಕ್ಯಾಚರಂತೂ "ಏಂದಿರಾ ಇದಿ, ನಮ್ಮ ಮಂಡಿ ಮರ್ಯಾದೆ ತೆಗ್ದೆ" ಎಂದು ತನ್ನ ಅರೆ ತೆಲುಗಿನಲ್ಲಿ ಬೈದು ನನ್ನ ಬೆನ್ನಿಗೊಂದು ಗುದ್ದಿದ. ಶಿಡ್ಲಘಟ್ಟದವನ ಸಾಲಿಗೂ ನಕ್ಕರು. ಅವನು ತನ್ನ ಅಂಗೈಗಳನ್ನು ನೋಡಿಕೊಂಡು, ಅವನ್ನು ಜೇಬಿಗೆ ಸೇರಿಸಿದ.

"ಈ ಸಲ ಪಿಚರು ಇವ್ನು," ಎಂದು ಮೇಷ್ಟ್ರು ಸೆಂಟಿನ ಗ್ಲೌಸಿನವನ ಹೆಗಲ ಮೇಲೆ ಕೈಯಿಟ್ಟರು. ಆಮೇಲೆ ಶಿಡ್ಲಘಟ್ಟದವನ ಕಡೆ ತಿರುಗಿ, "ನೀನು ಬೆಂಚು. ಬೇಜಾರ್ ಮಾಡ್ಕೋಬೇಡಪ್ಪ. ಬರ್ದಿರೋದು ನಾನಲ್ಲ, ನಿನ್ನ ಗೆಳೆಯನೇ" ಎಂದರು.

ಎಲ್ಲರೂ ಹೋದ ಮೇಲೆ ನಾನು ಅವರ ಹಿಂದೆ ಓಡಿದೆ. "ಸಾರ್, ಅದು ತಮಾಷೆಗೆ ಬರ್ದಿದ್ದು."

"ತಮಾಷೆಗೆ ಯಾರಾದ್ರೂ ಎರಡು ಬಣ್ಣದಲ್ಲಿ ಬರೀತಾರಾ?" ಮೇಷ್ಟ್ರು ಆಚೀಚೆ ನೋಡಿ ದನಿ ತಗ್ಗಿಸಿದರು. "ಮೇಲಿಂದ ಮಾತು ಬಂದಿತ್ತು ಕಣಪ್ಪ. ಅವ್ನಿಗೆ ಹೆಂಗೆ ಹೇಳೋದು ಅಂತ ಒದ್ದಾಡ್ತಿದ್ದೆ. ನೀನು ದಾರಿ ಮಾಡ್ಕೊಟ್ಟೆ."

ಹೇಳಿ, ಜೇಬಿನಿಂದ ಒಂದು ಹಿಡಿ ಕಡಲೆಕಾಯಿ ತೆಗೆದುಕೊಟ್ಟರು. ಕಿವಿಯೊಳಗೆ ಪೆನ್ಸಿಲ್ ತಿರುಗಿಸಿದ ಅದೇ ಬೆರಳು. ನಾನು ತಿಂದೆ. ಇದನ್ನೂ ಒಪ್ಪಿಕೊಳ್ಳುತ್ತೇನೆ. ತಿನ್ನುತ್ತ ತಿನ್ನುತ್ತಲೇ ನನಗೆ ನನ್ನ ಮೇಲೆ ಅಸಹ್ಯ ಹುಟ್ಟಿತು: ಈ ಮನುಷ್ಯ ತನ್ನ ಕೊಳೆಯನ್ನು ಒರೆಸಲು ಬಟ್ಟೆ ಹುಡುಕುತ್ತಿದ್ದಾಗ ನಾನು ಇಸ್ತ್ರಿ ಮಾಡಿ ತಂದುಕೊಟ್ಟಿದ್ದೆ. ಅಲ್ಲೇ ನಿಂತು, ಮೊಣಕಾಲು ನೋವು, ನಾನು ಆಡುವುದಿಲ್ಲ, ನನ್ನ ಜಾಗಕ್ಕೆ ಶಿಡ್ಲಘಟ್ಟದವನನ್ನು ಹಾಕಿಕೊಳ್ಳಿ ಎಂದು ಒಂದು ಚೀಟಿ ಬರೆದೆ. "ರೈಟ್ ಫೀಲ್ಡಿಗೆ ಯಾರಾದ್ರೇನು" ಎಂದು ಅವರು ಸಹಿ ಹಾಕಿದರು. ಪಿಚರಿನ ಜಾಗ ಮುಟ್ಟದಿದ್ದರೆ ಅವರಿಗೆ ಯಾವ ತಕರಾರೂ ಇರಲಿಲ್ಲ.

ಭಾನುವಾರ ಶಿಡ್ಲಘಟ್ಟಕ್ಕೆ ಹೋದೆ. ಅವನ ಮನೆಯ ಹಿಂದಿನ ಶೆಡ್ಡಿನ ಬಾಗಿಲಲ್ಲೇ ನೂಲು ಬಿಚ್ಚಿದ ಹುಳಗಳ ರಾಶಿ, ಕಂದು ಬಣ್ಣ, ಮೇಲೆ ನೊಣ. ಒಳಗೆ ಹಬೆ. ವಾಸನೆ ಮೂಗಿಗಲ್ಲ, ನೇರ ಗಂಟಲಿಗೆ ಬಡಿಯುತ್ತದೆ. ಹುಳ ಸಾಕುವ ಮನೆಯವರಾದರೂ ನಾವು ಗೂಡು ಮಾರಿ ಮನೆಗೆ ಬರುವವರು. ಅದರ ಮುಂದಿನ ಗತಿ ನಾನು ನೋಡಿರಲಿಲ್ಲ. ಕರ್ಚೀಫು ಮೂಗಿಗೆ ಹೋಯಿತು. ಅವನು ನೋಡಿದ. ಕರ್ಚೀಫು ಜೇಬಿಗೆ ಬಂತು.

ಅವನು ತೊಟ್ಟಿಯ ಮುಂದೆ ಕೂತು, ಕುದಿಯುವ ಗೂಡುಗಳಿಂದ ಎಳೆಯ ತುದಿ ಹುಡುಕಿ ಹುಡುಕಿ ರಾಟೆಗೆ ಕೊಡುತ್ತಿದ್ದ. ನಾನು ಅಭ್ಯಾಸಬಲದಿಂದ ಮೇಷ್ಟ್ರ ದನಿಯಲ್ಲಿ "ಕಾಲು ಹಿಡ್ಕೊಳ್ರೋ ಅವ್ನ" ಎಂದೆ. ಅವನು ನಗಲಿಲ್ಲ. ಚೀಟಿ ಕೊಟ್ಟೆ. ಕೈ ಒರೆಸಿಕೊಂಡು ಎರಡು ಸಲ ಓದಿ, ನೀರು ತಾಗದ ಹಾಗೆ ಗೋಡೆಯ ಗೂಡಿನಲ್ಲಿಟ್ಟ.

"ಸೋಮವಾರ ಬರ್ತೀನಿ," ಎಂದ.

"ರೈಟ್ ಫೀಲ್ಡು ಕಣೋ. ಪಿಚರ್ ಅಲ್ಲ."

"ಗೊತ್ತು. ಅಲ್ಲಿಂದ್ಲೂ ಎಸೀಬಹುದು."

ಇಲ್ಲಿಗೆ ನಾನು ಎದ್ದು ಬಂದಿದ್ದರೆ ಆಗಿತ್ತು. ಆದರೆ ನನಗೆ ಕ್ಷಮೆ ಬೇಕಿತ್ತು, ಜೊತೆಗೆ ಸ್ವಲ್ಪ ನಗುವೂ.

"ಬೇಜಾರಿಲ್ಲ ತಾನೇ? ನನ್ನನ್ನೇನೂ ಬಿಟ್ಟಿಲ್ಲ ನೋಡು. ಅಲ್ಲಾಡಿಸಿದ್ರೆ ಇಡೀ ಮಾರ್ಕೆಟ್ಟಿಗೆ ಕೇಳುತ್ತೆ ಅಂತ ನನ್ನ ಬಗ್ಗೆನೂ ಬರ್ಕೊಂಡಿದೀನಿ."

ಅವನು ಜಾಲರಿ ಸೌಟಿನಿಂದ ತೊಟ್ಟಿಯಲ್ಲಿ ತೇಲುತ್ತಿದ್ದ ಬರೀ ಹುಳಗಳನ್ನು ಬಳಿದು, ನನ್ನ ಕಾಲ ಬಳಿಯಿದ್ದ ಬಕೆಟ್ಟಿಗೆ ಸುರಿದ.

"ಆ ಸದ್ದು ಹುಳದ್ದು ಕಣಪ್ಪ," ಎಂದ. "ನೂಲು ಬಿಚ್ಕೊಂಡ ಮೇಲೆ ಅದನ್ನ ನಾವು ಕೋಳಿಗೆ ಹಾಕ್ತೀವಿ."