ಸವಿತಾಳಿಗೆ ಬಿದ್ದ ಚಪ್ಪಾಳೆ

ನಾನೂ ಸವಿತಾನೂ ಕೊಪ್ಪದ ಕಡೆಯವರು. ಕರಾವಳಿಯ ಒಂದು ಬಂದರಿನ ಕಚೇರಿಯಲ್ಲಿ ಒಟ್ಟಿಗೆ ಕೆಲಸ. ಹಡಗು ಕಂಪನಿಯ ಹೆಸರಲ್ಲಿ ಪಾಸ್‌ವರ್ಡ್ ಕೇಳಿ ಬಂದ ಮೋಸದ ಇಮೇಲನ್ನು ಅವಳು ಕೂಡಲೇ ಸಾಹೇಬರಿಗೆ ತೋರಿಸಿದಳು. ಎಲ್ಲರೆದುರು ಚಪ್ಪಾಳೆ ಬಿತ್ತು. ಅದೇ ಮೇಲ್ ನನಗೂ ಬಂದಿತ್ತು. ನಾನೂ ಮೋಸ ಹೋಗಿರಲಿಲ್ಲ, ಸುಮ್ಮನೆ ಅಳಿಸಿ ಹಾಕಿದ್ದೆ. ಅಳಿಸಿದವನನ್ನು ಯಾರು ಹೊಗಳುತ್ತಾರೆ?

ಶನಿವಾರ ಊರಿಗೆ ಹೊರಟ ಬಸ್ಸು ಶೃಂಗೇರಿ ದಾಟಿದರೂ ಅವಳು ಪಕ್ಕದ ಅಜ್ಜಿಗೆ ಅದೇ ಕಥೆ ಹೇಳುತ್ತಿದ್ದಳು. ಹಿಂದಿನ ಸೀಟಿನಲ್ಲಿದ್ದ ನನಗೆ ಹೊಟ್ಟೆ ಉರಿಯಿತು. ಇವಳೂ ಒಮ್ಮೆ ಬೇಸ್ತು ಬೀಳಲಿ ಎಂದು, ಅವಳಿಗೆ ಗೊತ್ತಿಲ್ಲದ ನನ್ನ ಹೊಸ ನಂಬರಿನಿಂದ ಮೆಸೇಜ್ ಕಳಿಸಿದೆ: 'ನಿಮ್ಮ ಬಂದರಿನ ಪಾಸ್ ರದ್ದಾಗಿದೆ. ಕೂಡಲೇ ಪಾಸ್‌ವರ್ಡ್ ಕಳಿಸಿ.'

ಸವಿತಾ ಅದನ್ನು ಗಟ್ಟಿಯಾಗಿ ಓದಿ ನಕ್ಕಳು. "ನೋಡಿ ಅಜ್ಜಿ, ಮತ್ತೊಬ್ಬ ಕಳ್ಳ!"

"ಫೋನ್ ಮಾಡಿ ಸಮಾ ಬೈಯಿ ಮಾರಾಯ್ತಿ," ಅಂದರು ಅಜ್ಜಿ.

ಮರುಕ್ಷಣ ನನ್ನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಇಬ್ಬರೂ ತಿರುಗಿ ನೋಡಿದರು.

"ತೆಗೀರಿ ಮಾರಾಯ್ರೆ, ಬೈಯೋದು ಬಾಕಿ ಇದೆ," ಎಂದಳು ಸವಿತಾ.

ಇಂಥ ಮೋಸಗಳ ಬಗ್ಗೆ ಸೋಮವಾರ ಕಚೇರಿಯಲ್ಲಿ ಇಟ್ಟ ತರಬೇತಿಯಲ್ಲಿ ಪಾಠ ಮಾಡಿದವಳೂ ಅವಳೇ. ಉದಾಹರಣೆಗೆ ನನ್ನ ಮೆಸೇಜನ್ನೇ ತೋರಿಸಿದಳು, ಹೆಸರು ಮಾತ್ರ ಹೇಳಲಿಲ್ಲ. ಆ ದೊಡ್ಡತನ ನೋಡಿಯೂ ನನಗೆ ಹೊಟ್ಟೆಕಿಚ್ಚೇ ಆಯಿತು.