ಕಡೆಯ ರೀಲು ಮತ್ತು ತವರಿನ ಆಯೇರ

ನನ್ನ ಗಂಡನಿಗೆ ಹಳೆಯ ಕಪ್ಪು-ಬಿಳುಪಿನ ನಗೆ ಸಿನಿಮಾಗಳೆಂದರೆ ಪ್ರಾಣ. ಸಾಹುಕಾರ ಮೀಸೆ ಅಂಟಿಸಿಕೊಂಡು ಅಡಿಗೆಯವನಾಗುತ್ತಾನೆ, ಹೆತ್ತ ಮಗಳಿಗೇ ಗುರುತು ಸಿಗುವುದಿಲ್ಲ. ಭಾನುವಾರ ಟೀವಿಯ ಮುಂದೆ ಕೂತು ಇವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ.

ಚಿಕ್ಕಂದಿನಲ್ಲಿ ಇಂಥ ಸಿನಿಮಾಗಳ ಹುಚ್ಚು ನನಗೆ ಹತ್ತಿಸಿದವಳು ಅವ್ವ. ನಮ್ಮೂರು ನಾಗಲದಿನ್ನೆಯ ಹೊಲಗಳಲ್ಲಿ ಕೂಲಿ ಮುಗಿಸಿ ಬಂದು, ನನ್ನನ್ನೂ ಕರೆದುಕೊಂಡು ಪಕ್ಕದ ಮನೆಯ ಟೀವಿಯಲ್ಲಿ ನೋಡುತ್ತಿದ್ದಳು. ವೇಷ ಹಾಕಿದವನನ್ನು ಯಾರಾದರೂ ಬೈದರೆ ನಾನು ಅಳುತ್ತಿದ್ದೆ. "ಸುಮ್ನಿರ ಹುಚ್ಚಿ, ಕಡೀಕ ಎಲ್ಲಾರಿಗೂ ಗೊತ್ತಾಗತೈತಿ," ಅನ್ನುತ್ತಿದ್ದಳು.

ಆದೋನಿಯಲ್ಲಿ ಮನೆ ಕಟ್ಟಿ ಗೃಹಪ್ರವೇಶ ಇಟ್ಟುಕೊಂಡೆವು. ನಮ್ಮ ಕಡೆಯ ಹೆಂಗಸರು ಕಾರ್ಯದ ಮನೆಗೆ ಬಂದರೆ ಸೀದಾ ಒಲೆಯ ಮುಂದೆ ಕೂರುತ್ತಾರೆ, ಮಗಳ ಮನೆಯಾದರೆ ಕೇಳುವುದೇ ಬೇಡ. ಅವ್ವ ಸೆರಗು ಸಿಕ್ಕಿಸಿ ಹೋಳಿಗೆ ತಟ್ಟುತ್ತಿದ್ದಳು. ಗಂಡನ ಆಫೀಸಿನ ಸಾಹೇಬರು ಒಳಗೆ ಇಣುಕಿ ತೆಲುಗಿನಲ್ಲಿ, "ವಂಟಮನಿಷಿ ಬಾಗಾ ದೊರಿಕಿಂದಯ್ಯಾ," ಎಂದರು. ಒಳ್ಳೆ ಅಡಿಗೆಯವಳು ಸಿಕ್ಕಿದ್ದಾಳಂತೆ! "ಅವುನು ಸಾರ್," ಎಂದು ಹೌದೆನ್ನುತ್ತ ಇವರು ನಕ್ಕರು. ಅತ್ತೆ ಕೂಲಿ ಹೆಂಗಸೆಂದು ಸಾಹೇಬರಿಗೆ ತಿಳಿಯುವುದು ಇವರಿಗೆ ಬೇಕಿರಲಿಲ್ಲ. ಅವ್ವನಿಗೆ ತೆಲುಗು ಚೆನ್ನಾಗಿ ಬರುತ್ತದೆ.

ಪೂಜೆ ಮುಗಿಯುತ್ತಲೇ ಪುರೋಹಿತರು, "ತವರಿನ ಆಯೇರ ಯಾರು ತಂದೀರಿ? ಬರ‍್ರಿ," ಎಂದು ಕೂಗಿದರು. ಹೆತ್ತವರು ಎಲ್ಲರೆದುರು ಮಗಳು-ಅಳಿಯನಿಗೆ ಬಟ್ಟೆ ಕೊಡುವ ಹೊತ್ತು ಅದು. ಅವ್ವ ಸೀರೆ, ಧೋತರದ ತಟ್ಟೆ ಹಿಡಿದು ಅಡಿಗೆಮನೆಯಿಂದ ಬಂದಳು. ಮುಂದಿನ ಕುರ್ಚಿಯಲ್ಲೇ ಸಾಹೇಬರು, ಅವರ ಹೆಂಡತಿ. ಅವ್ವ ಅಳಿಯನ ಮುಖ ನೋಡಿದಳು. ಇವರು ತಲೆ ತಗ್ಗಿಸಿದರು. ಗೊತ್ತಿದ್ದ ಬೀಗರೆಲ್ಲ ಗೋಡೆ ನೋಡಿದರು.

ಅವ್ವ ತಟ್ಟೆಯನ್ನು ಪುರೋಹಿತರ ಮುಂದಿಟ್ಟಳು. "ಆಕಿ ತವರವ್ರು ಕಳಿಸ್ಯಾರ‍್ರಿ. ಅವ್ರಿಗೆ ಬರಾಕ ಆಗಲಿಲ್ಲಂತ."

ನಾನು "ಅವ್ವಾ" ಎಂದು ಚೀರುತ್ತ ಎದ್ದೆ. ಇವರ ಶಲ್ಯಕ್ಕೆ ಗಂಟು ಹಾಕಿದ್ದ ನನ್ನ ಸೆರಗು ಜಗ್ಗಿ ಕೂರಿಸಿತು. ಅಳು ಕಟ್ಟೆಯೊಡೆಯಿತು. ಸಾಹೇಬರ ಹೆಂಡತಿ ಬಂದು ಬೆನ್ನು ಸವರಿ, "ಪಾಪಂ, ಪುಟ್ಟಿಲ್ಲು ಗುರ್ತೊಚ್ಚಿಂದಿ," ಎಂದರು. ತವರು ನೆನಪಾಯಿತಂತೆ ನನಗೆ. ಆಮೇಲೆ ಅವ್ವನ ಕಡೆ ತಿರುಗಿ ನೀರು ತರಲು ಹೇಳಿದರು.

ಅವ್ವ ಲೋಟ ತೊಳೆದು ನೀರು ತಂದಳು. ನನ್ನ ಮುಂದೆ ಬಗ್ಗಿ ಹಿಡಿದಳು.

"ಕುಡೀರಿ, ಅಮ್ಮಾರ," ಅಂದಳು.